ಐಡ್ಲಿಂಗ್ ನಿಲ್ಲದ ಬೈಕು: ಸ್ಕ್ರೂಡ್ರೈವರ್ ಹಿಡಿಯುವ ಮೊದಲು ನೋಡಬೇಕಾದ್ದು

ಸಿಗ್ನಲ್‌ನಲ್ಲಿ ನಿಂತರೆ ಗಾಡಿ ತಾನಾಗಿಯೇ ಆಫ್ ಆಗುತ್ತದೆ. ಇಲ್ಲವೇ ರೇಸ್ ಪೂರ್ತಿ ಬಿಟ್ಟರೂ ಎಂಜಿನ್ ಇಳಿಯದೆ ಗುಂಯ್ ಎನ್ನುತ್ತಲೇ ಇರುತ್ತದೆ. ಬೆಳಿಗ್ಗೆ ಸರಿಯಿದ್ದದ್ದು ಕಾದ ಮೇಲೆ ಕೆಡುತ್ತದೆ. ಈ ದೂರು ಹೊತ್ತು ಗ್ಯಾರೇಜಿಗೆ ಹೋದರೆ ಸಿಗುವ ಮೊದಲ ಉತ್ತರ, "ಟ್ಯೂನಿಂಗ್ ಮಾಡ್ಬೇಕು ಸಾರ್." ಎರಡು ಸ್ಕ್ರೂ ತಿರುಗುತ್ತವೆ, ನಾಲ್ಕು ದಿನ ಗಾಡಿ ನೆಟ್ಟಗೆ ಓಡುತ್ತದೆ, ಆಮೇಲೆ ಮತ್ತೆ ಅದೇ ಕತೆ. ಎರಡನೇ ಸಲ ಹೋದಾಗ "ಕಾರ್ಬುರೇಟರ್ ಹೋಗಿದೆ, ಹೊಸದು ಹಾಕ್ಸಿ." ಹೊಸದು ಹಾಕಿಸಿದರೂ ರೋಗ ಹೋಗದೆ ಇದ್ದಾಗ ಜನ ಗಾಡಿಯನ್ನೇ ಮಾರಿಬಿಡುತ್ತಾರೆ.

ಇಂಥ ಗಾಡಿಗಳಲ್ಲಿ ಬಹುಪಾಲು ಕಾರ್ಬುರೇಟರ್, ಅಂದರೆ ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ, ನಿರಪರಾಧಿ. ಗಾಳಿ ಬರಬಾರದ ಕಡೆಯಿಂದ ಬರುತ್ತಿರುತ್ತದೆ, ಅಥವಾ ಪೆಟ್ರೋಲ್ ಬರಬೇಕಾದಷ್ಟು ಬರುತ್ತಿರುವುದಿಲ್ಲ. ಯಾವುದು ಎಂದು ಮನೆಯ ಅಂಗಳದಲ್ಲೇ ತಿಳಿಯಬಹುದು. ಕೆಳಗಿನ ವಿವರಣೆ ಕಾರ್ಬುರೇಟರ್ ಇರುವ 100ರಿಂದ 150 ಸಿಸಿ ಬೈಕುಗಳಿಗೆ ಮತ್ತು ಹಳೆಯ ಟೂ-ಸ್ಟ್ರೋಕ್ ಗಾಡಿಗಳಿಗೆ. 2020ರ ಏಪ್ರಿಲ್ 1ರಿಂದ ಹೊಗೆ ನಿಯಂತ್ರಣದ ಬಿಎಸ್-6 ನಿಯಮ ಬಂದ ಮೇಲೆ ಹೊಸ ಬೈಕುಗಳಲ್ಲಿ ಹೆಚ್ಚಿನವು ಫ್ಯೂಯಲ್ ಇಂಜೆಕ್ಷನ್‌ನವು. ಅವುಗಳ ಬಗ್ಗೆ ಕೊನೆಯಲ್ಲಿ ಎರಡು ಮಾತು.

ಕಾರ್ಬುರೇಟರ್ ಅಳೆಯುವುದು ಯಾವ ಗಾಳಿಯನ್ನು?

ಪಿಸ್ಟನ್ ಕೆಳಗಿಳಿದಾಗ ಸಿಲಿಂಡರ್ ಗಾಳಿಯನ್ನು ಎಳೆಯುತ್ತದೆ. ಆ ಗಾಳಿ ಫಿಲ್ಟರ್ ಡಬ್ಬಿ ದಾಟಿ ಕಾರ್ಬುರೇಟರ್‌ನ ಕಿರಿದಾದ ಗಂಟಲಲ್ಲಿ ಹಾಯುವಾಗ ವೇಗ ಏರಿ ಒತ್ತಡ ಇಳಿಯುತ್ತದೆ. ಒತ್ತಡ ಇಳಿದಷ್ಟೂ ಕೆಳಗಿನ ಬಟ್ಟಲಿನ ಪೆಟ್ರೋಲ್ ಜೆಟ್ ಎಂಬ ಸಣ್ಣ ತೂತಿನ ಮೂಲಕ ಮೇಲೆ ಬರುತ್ತದೆ. ಇಷ್ಟೇ ಅದರ ಬುದ್ಧಿ. ತನ್ನ ಮೂಲಕ ಹಾದ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಕೊಡುತ್ತದೆ. ತನ್ನನ್ನು ದಾಟಿದ ಮೇಲೆ, ಎಂಜಿನ್ ಹೆಡ್‌ಗೆ ಸೇರುವ ಜಾಗದಲ್ಲಿ, ಸಂದಿಯಿಂದ ನುಸುಳಿದ ಗಾಳಿಯ ಲೆಕ್ಕ ಅದಕ್ಕೆ ಸಿಗುವುದಿಲ್ಲ.

ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಒಂದು ಗ್ರಾಂಗೆ ಸುಮಾರು 14.7 ಗ್ರಾಂ ಗಾಳಿ ಬೇಕು. ಐಡ್ಲಿಂಗ್‌ನಲ್ಲಿ, ಅಂದರೆ ರೇಸ್ ಬಿಟ್ಟು ಎಂಜಿನ್ ಸುಮ್ಮನೆ ಓಡುವಾಗ, ಸಿಲಿಂಡರ್ ಒಳಗೆ ಹಳೆಯ ಹೊಗೆಯೇ ಸಾಕಷ್ಟು ಉಳಿದಿರುವುದರಿಂದ ಮಿಶ್ರಣ ಇದಕ್ಕಿಂತ ಸ್ವಲ್ಪ ಪೆಟ್ರೋಲ್ ಹೆಚ್ಚಿನದಾಗಿರಬೇಕು, ಗ್ಯಾರೇಜ್ ಮಾತಲ್ಲಿ 'ರಿಚ್' ಆಗಿರಬೇಕು. ಗಾಳಿ ಹೆಚ್ಚಾದರೆ 'ಲೀನ್'.

ಒಂದು ಅಂದಾಜು ಲೆಕ್ಕ ಹಾಕಿ ನೋಡೋಣ. 97 ಸಿಸಿ ಎಂಜಿನ್ 1400 ಆರ್‌ಪಿಎಂನಲ್ಲಿ ನಿಮಿಷಕ್ಕೆ 700 ಸಲ ಗಾಳಿ ಎಳೆಯುತ್ತದೆ. ಸ್ಲೈಡ್, ಅಂದರೆ ರೇಸ್ ತಿರುಗಿಸಿದಾಗ ಮೇಲೇರಿ ಕಾರ್ಬುರೇಟರ್ ಗಂಟಲು ತೆರೆಯುವ ತುಂಡು, ಬಹುತೇಕ ಮುಚ್ಚಿರುವುದರಿಂದ ಪ್ರತಿ ಸಲವೂ ಸಿಲಿಂಡರ್ ಕಾಲು ಭಾಗದಷ್ಟೋ ಅದಕ್ಕಿಂತ ತುಸು ಹೆಚ್ಚೋ ತುಂಬುತ್ತದೆ ಎಂದಿಟ್ಟುಕೊಳ್ಳಿ. ನಿಮಿಷಕ್ಕೆ 20 ಲೀಟರ್ ಗಾಳಿ. ಅದೇ ಎಂಜಿನ್ 8000 ಆರ್‌ಪಿಎಂನಲ್ಲಿ ಪೂರ್ತಿ ರೇಸ್ ಕೊಟ್ಟಾಗ ಎಳೆಯುವುದು 300 ಲೀಟರ್ ದಾಟುತ್ತದೆ. ಈಗ ಗ್ಯಾಸ್ಕೆಟ್ ಸಂದಿಯಿಂದ ನಿಮಿಷಕ್ಕೆ ಬರೀ 2 ಲೀಟರ್ ಗಾಳಿ ನುಸುಳಿತು ಅನ್ನಿ. ಐಡ್ಲಿಂಗ್‌ನಲ್ಲಿ ಅದು ಹತ್ತರಲ್ಲಿ ಒಂದು ಪಾಲು, ಮಿಶ್ರಣ ಕೆಡಲು ಅಷ್ಟು ಸಾಕು. ಪೂರ್ತಿ ರೇಸ್‌ನಲ್ಲಿ ಅದು ನೂರರಲ್ಲಿ ಒಂದು ಪಾಲೂ ಅಲ್ಲ; ಮೇಲಾಗಿ ಆಗ ಎಳೆತ ಕಡಿಮೆಯಾಗಿ ಸೋರಿಕೆಯೂ ಇಳಿದಿರುತ್ತದೆ. "ಹೈವೇನಲ್ಲಿ ಚಿನ್ನದಂಗೆ ಓಡುತ್ತೆ, ಊರೊಳಗೆ ಬಂದ್ರೆ ಸಾಯುತ್ತೆ" ಅನ್ನುವ ದೂರು ಕೇಳಿದ ಕೂಡಲೇ ಗಾಳಿ ಸೋರಿಕೆಯನ್ನು ಅನುಮಾನಿಸಬೇಕಾದ್ದು ಇದಕ್ಕೇ.

ಟ್ಯೂನಿಂಗ್ ಯಾಕೆ ನಾಲ್ಕೇ ದಿನ ಬಾಳುತ್ತದೆ ಎಂಬುದೂ ಇದರಲ್ಲೇ ಇದೆ. ಸಣ್ಣ ಸೋರಿಕೆ ಇದ್ದಾಗ ಹೆಚ್ಚುವರಿ ಗಾಳಿಯಿಂದ ಐಡ್ಲಿಂಗ್ ಏರುತ್ತದೆ. ಅದನ್ನು ಇಳಿಸಲು ಮೆಕ್ಯಾನಿಕ್ ಐಡಲ್ ಸ್ಕ್ರೂ ಬಿಚ್ಚುತ್ತಾನೆ. ಸ್ಲೈಡ್ ಇನ್ನಷ್ಟು ಮುಚ್ಚಿಕೊಳ್ಳುತ್ತದೆ, ಆಚೆ ಬದಿಯಲ್ಲಿ ಎಳೆತ ಜಾಸ್ತಿಯಾಗುತ್ತದೆ, ಸಂದಿಯಿಂದ ಬರುವ ಗಾಳಿಯ ಪಾಲು ಇನ್ನೂ ಹೆಚ್ಚುತ್ತದೆ. ಸಂದಿ ಚೂರು ದೊಡ್ಡದಾದ ದಿನ ಎಂಜಿನ್ ನಿಂತೇಬಿಡುತ್ತದೆ. ಬೆಳಿಗ್ಗೆ ಮಾತ್ರ ಸರಿಯಿರುವುದಕ್ಕೆ ಕಾರಣ ಚೋಕ್. ಅದು ಕೊಡುವ ಹೆಚ್ಚುವರಿ ಪೆಟ್ರೋಲ್ ಸೋರಿಕೆಯನ್ನು ಮರೆಸಿರುತ್ತದೆ.

ರೇಸ್ ಎಷ್ಟು ತಿರುಗಿದಾಗ ಕೆಡುತ್ತದೆ?

ಯಾವ ಆರ್‌ಪಿಎಂನಲ್ಲಿ ಎಂಬ ಪ್ರಶ್ನೆಗಿಂತ ರೇಸ್ ಹಿಡಿ ಎಷ್ಟು ತಿರುಗಿದೆ ಎಂಬ ಪ್ರಶ್ನೆಗೆ ಹೆಚ್ಚು ಬೆಲೆ. ಹಿಡಿಯ ಮೇಲೊಂದು, ಸ್ವಿಚ್ ಡಬ್ಬಿಯ ಮೇಲೊಂದು ಟೇಪ್ ಚೂರು ಅಂಟಿಸಿ, ಕಾಲು, ಅರ್ಧ, ಮುಕ್ಕಾಲು ಗುರುತು ಮಾಡಿ ಒಂದು ಸುತ್ತು ಹೋಗಿ ಬನ್ನಿ.

ಮುಚ್ಚಿದ ಸ್ಥಿತಿಯಿಂದ ಸುಮಾರು ಎಂಟನೇ ಒಂದು ಭಾಗದವರೆಗೆ ಆಳುವುದು ಸ್ಲೋ ಜೆಟ್ ಮತ್ತು ಮಿಕ್ಸ್‌ಚರ್ ಸ್ಕ್ರೂ. ಅಲ್ಲಿಂದ ಕಾಲು ಭಾಗದವರೆಗೆ ಸ್ಲೈಡ್‌ನ ಅಡಿಯ ಕತ್ತರಿಸಿದ ಅಂಚು. ಕಾಲಿನಿಂದ ಮುಕ್ಕಾಲಿನವರೆಗೆ ಸೂಜಿ, ಅಂದರೆ ನೀಡಲ್. ಮುಕ್ಕಾಲು ದಾಟಿದ ಮೇಲೆ ಮೇನ್ ಜೆಟ್. ಗಡಿಗಳು ಗೆರೆ ಎಳೆದಂತೆ ಇರುವುದಿಲ್ಲ, ಒಂದರ ಕೆಲಸ ಇನ್ನೊಂದರೊಳಗೆ ಚಾಚಿರುತ್ತದೆ. ಆದರೂ ಐಡ್ಲಿಂಗ್ ದೂರಿಗೆ ಮೇನ್ ಜೆಟ್ ಬದಲಿಸಿ ದುಡ್ಡು ತೆಗೆದುಕೊಳ್ಳುವವರಿಂದ ತಪ್ಪಿಸಿಕೊಳ್ಳಲು ಇಷ್ಟು ತಿಳಿದರೆ ಸಾಕು.

ಲೀನ್ ಅಥವಾ ರಿಚ್: ಎರಡು ಪುಕ್ಕಟೆ ಪರೀಕ್ಷೆ

ಎಂಜಿನ್ ಚೆನ್ನಾಗಿ ಕಾದಿರಲಿ. ಐಡ್ಲಿಂಗ್‌ನಲ್ಲಿ ಬಿಟ್ಟು ಚೋಕ್ ಅನ್ನು ಸ್ವಲ್ಪವೇ ಎಳೆಯಿರಿ. ತಡವರಿಸುತ್ತಿದ್ದ ಎಂಜಿನ್ ಚೇತರಿಸಿಕೊಂಡರೆ ಅದಕ್ಕೆ ಪೆಟ್ರೋಲ್ ಸಾಲುತ್ತಿರಲಿಲ್ಲ, ಅಂದರೆ ಲೀನ್. ಇನ್ನಷ್ಟು ಕೆಮ್ಮಿ ಕಪ್ಪು ಹೊಗೆ ಬಿಟ್ಟರೆ ರಿಚ್.

ಇನ್ನೊಂದು ಪರೀಕ್ಷೆ ಇದರ ತಿರುಗುಮುರುಗು. ಐಡ್ಲಿಂಗ್‌ನಲ್ಲಿರುವಾಗ ಪೆಟ್ರೋಲ್ ಕಾಕ್ ಮುಚ್ಚಿ ಕಾಯಿರಿ. ಬಟ್ಟಲಿನ ಪೆಟ್ರೋಲ್ ಮಟ್ಟ ಇಳಿಯುತ್ತ ಮಿಶ್ರಣ ತಾನಾಗಿ ಲೀನ್ ಆಗುತ್ತ ಹೋಗುತ್ತದೆ. ನಿಲ್ಲುವ ಮೊದಲು ಎಂಜಿನ್ ಕೆಲವು ಕ್ಷಣ ಹಗುರಾಗಿ, ಚುರುಕಾಗಿ ಓಡಿದರೆ ಅದು ಅಲ್ಲಿಯವರೆಗೆ ರಿಚ್ ಇತ್ತು. ನೇರವಾಗಿ ಕುಸಿದು ಸತ್ತರೆ ರಿಚ್ ಅಲ್ಲ. ಎರಡೂ ಪರೀಕ್ಷೆ ಒಂದೇ ಉತ್ತರ ಕೊಟ್ಟರೆ ನಂಬಿ. ಭಿನ್ನ ಉತ್ತರ ಬಂದರೆ ಕಾರ್ಬುರೇಟರ್ ಕಡೆ ನೋಡುವುದನ್ನು ಬಿಟ್ಟು ಪ್ಲಗ್, ಪ್ಲಗ್ ಕ್ಯಾಪ್, ಟ್ಯಾಪೆಟ್ (ವಾಲ್ವ್ ಒತ್ತುವ ಭಾಗದ ಸಂದಿ) ನೋಡಿ.

ಪ್ಲಗ್ ಬಣ್ಣ ನೋಡುವುದು ಎಲ್ಲರಿಗೂ ಗೊತ್ತು, ಎಲ್ಲರೂ ಅತಿಯಾಗಿ ನಂಬುತ್ತಾರೆ. ಬೆಳ್ಳಗಿದ್ದರೆ ಲೀನ್, ಮಸಿ ಕಟ್ಟಿದ್ದರೆ ರಿಚ್, ತಿಳಿ ಕಂದು ಇದ್ದರೆ ಸರಿ ಎಂಬುದು ನಿಜವೇ. ಆದರೆ ಹೈವೇನಲ್ಲಿ ಓಡಿ ಬಂದ ಗಾಡಿಯ ಪ್ಲಗ್ ಐಡ್ಲಿಂಗ್ ಬಗ್ಗೆ ಏನೂ ಹೇಳುವುದಿಲ್ಲ.

ಸೋರಿಕೆ ಹುಡುಕುವ ಬಗೆ

ಲೀನ್ ಎಂದು ಖಚಿತವಾಯಿತು. ಅದರ ಜೊತೆ, ರೇಸ್ ಕೊಟ್ಟು ಬಿಟ್ಟಾಗ ಆರ್‌ಪಿಎಂ ಥಟ್ಟನೆ ಇಳಿಯದೆ ಮೇಲೆಯೇ ತೂಗಾಡಿ ನಿಧಾನವಾಗಿ ಕೆಳಗೆ ಬರುತ್ತಿದ್ದರೆ ಸೋರಿಕೆಯ ಸಾಧ್ಯತೆ ಬಲವಾಗುತ್ತದೆ. ಅದಕ್ಕೂ ಮೊದಲು ಹ್ಯಾಂಡಲ್ ಅನ್ನು ಎಡಕ್ಕೆ ಬಲಕ್ಕೆ ಪೂರ್ತಿ ತಿರುಗಿಸಿ ನೋಡಿ. ಆರ್‌ಪಿಎಂ ಏರಿದರೆ ರೇಸ್ ಕೇಬಲ್ ಬಿಗಿಯಾಗಿದೆ ಅಥವಾ ತಪ್ಪು ದಾರಿಯಲ್ಲಿ ಹಾದಿದೆ. ಅದನ್ನು ಸರಿಮಾಡಿ ಮನೆಗೆ ಹೋಗಿ.

ಸೋರಿಕೆ ಹುಡುಕಲು ಹಲವರು ಕಾರ್ಬುರೇಟರ್ ಕ್ಲೀನರ್ ಅಥವಾ ನೇರ ಪೆಟ್ರೋಲನ್ನೇ ಚಿಮುಕಿಸುತ್ತಾರೆ. ಕಾದ ಸೈಲೆನ್ಸರ್ ಪಕ್ಕದಲ್ಲೇ ಇರುವಾಗ ಅದು ಬೆಂಕಿಗೆ ಕೊಡುವ ಆಹ್ವಾನ. ಗಿಡಗಳಿಗೆ ಬಳಸುವ ಸ್ಪ್ರೇ ಬಾಟಲಿಯಲ್ಲಿ ಬರೀ ನೀರು ಸಾಕು. ಎಂಜಿನ್ ಐಡ್ಲಿಂಗ್‌ನಲ್ಲಿರಲಿ. ಕಾರ್ಬುರೇಟರ್ ಮತ್ತು ಹೆಡ್ ನಡುವಿನ ಒಂದೊಂದು ಜೋಡಣೆಗೂ ಪ್ರತ್ಯೇಕವಾಗಿ ಸಣ್ಣಗೆ ಸಿಂಪಡಿಸಿ, ಕಿವಿ ಕೊಡಿ. ಸಂದಿ ಇರುವಲ್ಲಿ ನೀರು ಒಂದು ಕ್ಷಣ ಅದನ್ನು ಮುಚ್ಚುತ್ತದೆ ಅಥವಾ ಒಳಗೆಳೆದುಕೊಳ್ಳುತ್ತದೆ, ಆರ್‌ಪಿಎಂ ಅಲುಗುತ್ತದೆ. ಒಂದು ಸಲ ಅಲುಗಿದ್ದನ್ನು ನಂಬಬೇಡಿ, ಅದೇ ಜಾಗದಲ್ಲಿ ಮತ್ತೆ ಅಲುಗಿದರೆ ಸಿಕ್ಕಿತು. ನೀರು ಪ್ಲಗ್ ಕ್ಯಾಪ್ ಮೇಲೆ ಬೀಳದಂತೆ ಬಟ್ಟೆ ಮುಚ್ಚಿ, ಇಲ್ಲದಿದ್ದರೆ ಮಿಸ್ಸಿಂಗ್ ಆಗಿ ದಾರಿ ತಪ್ಪುತ್ತೀರಿ.

ಸ್ಪ್ಲೆಂಡರ್ ಬಗೆಯ ಗಾಡಿಗಳಲ್ಲಿ ಕಾರ್ಬುರೇಟರ್ ಎರಡು ಬೋಲ್ಟ್‌ಗಳಲ್ಲಿ ನಿಂತಿರುತ್ತದೆ. ಎಂಜಿನ್ ಶಾಖ ಕಾರ್ಬುರೇಟರ್‌ಗೆ ಹತ್ತದಿರಲೆಂದು ನಡುವೆ ಕಪ್ಪು ಇನ್ಸುಲೇಟರ್ ಚೂರು, ಅದರ ಮುಖದಲ್ಲಿ ಓ-ರಿಂಗ್. ಇಲ್ಲಿ ಆಗುವ ಅನಾಹುತದಷ್ಟು ಸಾಮಾನ್ಯವಾದದ್ದು ಬೇರೆ ಇಲ್ಲ. ಸೋರಿಕೆ ಎಂದು ಯಾರೋ ಬೋಲ್ಟ್ ಬಿಗಿ ಮಾಡುತ್ತಾರೆ, ಇನ್ನೊಬ್ಬರು ಇನ್ನೂ ಬಿಗಿ ಮಾಡುತ್ತಾರೆ. ಕಾರ್ಬುರೇಟರ್‌ನ ಫ್ಲಾಂಜ್, ಅಂದರೆ ಬೋಲ್ಟ್ ಕೂರುವ ಚಪ್ಪಟೆ ಅಂಚು, ಮೆದು ಲೋಹದ್ದು, ಎರಡು ತುದಿ ಎಳೆದಷ್ಟೂ ಅದು ಬಾಳೆಹಣ್ಣಿನಂತೆ ಬಾಗಿ ನಡುಭಾಗ ಮೇಲೆದ್ದುಬಿಡುತ್ತದೆ. ಆಮೇಲೆ ಬಿಗಿ ಮಾಡಿದಷ್ಟೂ ಸೋರಿಕೆ ಹೆಚ್ಚು! ಕಾರ್ಬುರೇಟರ್ ಬಿಚ್ಚಿದಾಗ ಸ್ಟೀಲ್ ಸ್ಕೇಲ್ ಅಂಚನ್ನು ಫ್ಲಾಂಜ್ ಮೇಲೆ ಅಡ್ಡ ಇಟ್ಟು ಬೆಳಕಿಗೆ ಹಿಡಿಯಿರಿ. ಬೆಳಕು ತೂರಿದರೆ ಬಾಗಿದೆ. ದಪ್ಪ ಗಾಜಿನ ಮೇಲೆ ನುಣುಪಾದ ಎಮರಿ ಪೇಪರ್ ಹರಡಿ, ಎಂಟರ ಆಕಾರದಲ್ಲಿ ನಿಧಾನವಾಗಿ ಉಜ್ಜಿ ಸಮ ಮಾಡಬಹುದು. ಓ-ರಿಂಗ್ ಕೂರುವ ಕಾಲುವೆ ಇರುವ ಮುಖವಾದರೆ ಮಿತಿಯಲ್ಲಿ ಉಜ್ಜಿ, ಕಾಲುವೆಯ ಆಳ ಹೋದರೆ ಓ-ರಿಂಗ್ ನಜ್ಜುಗುಜ್ಜಾಗುತ್ತದೆ. ಉಜ್ಜಿದ ಪುಡಿ ಒಂದು ಕಣವೂ ಒಳಗೆ ಉಳಿಯಬಾರದು. ಅನಬಾಂಡ್ ಎಂಬ ಸಂದಿ ಮುಚ್ಚುವ ಅಂಟು ಮೆತ್ತಿ ಓ-ರಿಂಗ್ ಖರ್ಚು ಉಳಿಸುವ ಚಾಳಿಯೊಂದಿದೆ. ಪೆಟ್ರೋಲ್ ತಾಗಿ ಆ ಅಂಟು ಬಿಟ್ಟು ಒಳಗೆ ಹೋದರೆ ಸ್ಲೋ ಜೆಟ್ ಕಟ್ಟಿಕೊಳ್ಳುತ್ತದೆ, ಒಂದಿದ್ದ ರೋಗ ಎರಡಾಗುತ್ತದೆ.

ಕಾರ್ಬುರೇಟರ್ ಮತ್ತು ಹೆಡ್ ನಡುವೆ ರಬ್ಬರ್ ನಾಳ, ಅಂದರೆ ರಬ್ಬರ್ ಮ್ಯಾನಿಫೋಲ್ಡ್ ಇರುವ ಗಾಡಿಗಳಲ್ಲಿ ಬಿರುಕು ಹೊರಗಿನಿಂದ ಕಾಣುವುದಿಲ್ಲ. ಬಿಚ್ಚಿ, ಕೈಯಲ್ಲಿ ಬಗ್ಗಿಸಿ, ಮಡಿಕೆಯ ಒಳಗೆ ನೋಡಬೇಕು. ಕೆಲವು ಮಾದರಿಗಳ ಮ್ಯಾನಿಫೋಲ್ಡ್ ಮೇಲೆ ವ್ಯಾಕ್ಯೂಮ್ ಪೈಪ್ ಕೂರುವ ಸಣ್ಣ ಮೂತಿ ಇರುತ್ತದೆ. ಅದರ ರಬ್ಬರ್ ಟೋಪಿ ಒಣಗಿ ಉದುರಿಹೋಗಿದ್ದು ಯಾರ ಕಣ್ಣಿಗೂ ಬಿದ್ದಿರುವುದಿಲ್ಲ.

ಇಲ್ಲೊಂದು ಮೋಸದ ಜಾಗವಿದೆ. ಇಳಿಜಾರಿನಲ್ಲಿ ರೇಸ್ ಬಿಟ್ಟಾಗ ಸೈಲೆನ್ಸರ್‌ನಲ್ಲಿ ಪಟಪಟ ಸಿಡಿಯುವುದನ್ನು ಎಲ್ಲರೂ ಲೀನ್ ಲಕ್ಷಣ ಎನ್ನುತ್ತಾರೆ. ಹೊಗೆ ಶುದ್ಧವಾಗಲೆಂದು ಸೈಲೆನ್ಸರ್ ಬಾಯಿಗೆ ಹೊರಗಿನ ಗಾಳಿ ಬಿಡುವ ಸೆಕೆಂಡರಿ ಏರ್ ವಾಲ್ವ್ ಹಲವು ಬೈಕುಗಳಲ್ಲಿದೆ. ಅದು ಕೆಟ್ಟರೂ, ಸೈಲೆನ್ಸರ್ ಗ್ಯಾಸ್ಕೆಟ್ ಸೋರಿದರೂ ಇದೇ ಸಿಡಿತ. ಆ ವಾಲ್ವ್‌ನ ಗಾಳಿ ಪೈಪನ್ನು ತಾತ್ಕಾಲಿಕವಾಗಿ ಕ್ಲಿಪ್ ಹಾಕಿ ಒತ್ತಿಹಿಡಿದು ಓಡಿಸಿ ನೋಡಿ. ಸಿಡಿತ ನಿಂತರೆ ಮಿಶ್ರಣ ಮುಟ್ಟಬೇಡಿ.

ಸೋರಿಕೆ ಸಿಗಲಿಲ್ಲ, ಆದರೂ ಲೀನ್

ಆಗ ಪೆಟ್ರೋಲ್ ದಾರಿ. ಟ್ಯಾಂಕ್ ಮುಚ್ಚಳದಿಂದ ಶುರುಮಾಡಿ. ಮುಚ್ಚಳದ ಗಾಳಿರಂಧ್ರ ಕಟ್ಟಿದ್ದರೆ ಗಾಡಿ ಸ್ವಲ್ಪ ದೂರ ಓಡಿ ನಿಲ್ಲುತ್ತದೆ, ಮುಚ್ಚಳ ತೆರೆದಾಗ ಸುಸ್ ಎನ್ನುತ್ತದೆ, ಮತ್ತೆ ಓಡುತ್ತದೆ. ಬಳಿಕ ಕಾಕ್ ಪೈಪ್ ಕಳಚಿ ಬಾಟಲಿಗೆ ಬಿಡಿ. ಧಾರೆ ಕಡಿಯದೆ ಬರಬೇಕು. ತೊಟ್ಟಿಕ್ಕಿದರೆ ಕಾಕ್‌ನ ಜಾಲರಿ ಕಟ್ಟಿದೆ.

ಬಟ್ಟಲಿನ ಪೆಟ್ರೋಲ್ ಮಟ್ಟ ಫ್ಲೋಟ್, ಅಂದರೆ ಒಳಗೆ ತೇಲುವ ತುಂಡಿನ ಮೇಲೆ ನಿಂತಿದೆ. ಮಟ್ಟ ತಗ್ಗಿದ್ದರೆ ಎಲ್ಲ ರೇಸ್ ಸ್ಥಿತಿಯಲ್ಲೂ ಲೀನ್, ಏರಿದ್ದರೆ ರಿಚ್ ಮತ್ತು ಓವರ್‌ಫ್ಲೋ. ಬಟ್ಟಲಿನ ಡ್ರೈನ್ ಮೂತಿಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಮೇಲಕ್ಕೆ ಬಗ್ಗಿಸಿ ಹಿಡಿದು, ಡ್ರೈನ್ ಸ್ಕ್ರೂ ಸಡಿಲಿಸಿದರೆ ಒಳಗಿನ ಮಟ್ಟ ಹೊರಗೇ ಕಾಣುತ್ತದೆ. ಎಷ್ಟಿರಬೇಕು ಎಂಬುದು ಮಾದರಿಯಿಂದ ಮಾದರಿಗೆ ಬೇರೆ, ಆ ಗಾಡಿಯ ಸರ್ವಿಸ್ ಪುಸ್ತಕವೇ ಪ್ರಮಾಣ.

ಐಡ್ಲಿಂಗ್ ಒಂದೇ ಕೆಟ್ಟಿದ್ದರೆ ಸ್ಲೋ ಜೆಟ್. ಅದರ ತೂತು ಅರ್ಧ ಮಿಲಿಮೀಟರ್‌ಗಿಂತಲೂ ಚಿಕ್ಕದು. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಪೆಟ್ರೋಲ್ ಒಣಗಿ ಅಂಟಾಗಿ ಅದನ್ನು ಮುಚ್ಚುತ್ತದೆ. ಕ್ಲೀನರ್‌ನಲ್ಲಿ ನೆನೆಸಿ ಗಾಳಿ ಊದಿ. ಹೋಗದಿದ್ದರೆ ವಿದ್ಯುತ್ ವೈರಿನ ಒಂದು ತಾಮ್ರದ ಎಳೆ ಹಾಕಿ. ಸ್ಟೀಲ್ ಕೇಬಲ್ ಎಳೆಯಿಂದ ಚುಚ್ಚಿದರೆ ತೂತು ಹಿಗ್ಗುತ್ತದೆ, ಆಮೇಲೆ ಆ ಗಾಡಿ ಜೀವಮಾನವಿಡೀ ರಿಚ್.

ಎಥನಾಲ್ ವಿಷಯ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಶೇ 20 ಎಥನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ಸಿಕ್ಕಿತು, ಈಗ ಬಂಕ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. ಎಥನಾಲ್‌ನಲ್ಲಿ ಆಮ್ಲಜನಕ ಮೊದಲೇ ಸೇರಿರುವುದರಿಂದ ಅದಕ್ಕೆ ಒಂದಕ್ಕೆ 9 ಪಾಲು ಗಾಳಿ ಸಾಕು. ಶೇ 20 ಬೆರಕೆಗೆ ಲೆಕ್ಕ ಸುಮಾರು 13.5ಕ್ಕೆ ಇಳಿಯುತ್ತದೆ. ಕಾರ್ಬುರೇಟರ್‌ಗೆ ಇದು ಗೊತ್ತಾಗದು. ಶುದ್ಧ ಪೆಟ್ರೋಲಿಗೆ ಕೂರಿಸಿದ ಜೆಟ್ ಹಾಗೇ ಇದ್ದರೆ ಮಿಶ್ರಣ ಸುಮಾರು ಶೇ 8ರಷ್ಟು ಲೀನ್ ಕಡೆ ಸರಿಯುತ್ತದೆ. ಅಂಚಿನಲ್ಲಿ ಓಡುತ್ತಿದ್ದ ಹಳೆ ಗಾಡಿಯ ಐಡ್ಲಿಂಗ್ ಇಷ್ಟರಿಂದಲೇ ಎಡವಬಹುದು, ಮಿಕ್ಸ್‌ಚರ್ ಸ್ಕ್ರೂ ಸ್ವಲ್ಪ ರಿಚ್ ಮಾಡಿದರೆ ಸರಿಹೋಗುತ್ತದೆ. ಹಳೆಯ ರಬ್ಬರ್ ಉಬ್ಬುವುದು, ಮಳೆಗಾಲದಲ್ಲಿ ನೀರು ಹೀರಿ ಎಥನಾಲ್ ಟ್ಯಾಂಕಿನ ತಳ ಸೇರುವುದು ಇದಕ್ಕಿಂತ ದೊಡ್ಡ ತಲೆನೋವು. ಮೊದಲ ಮಳೆಯ ನಂತರ ಕೈಕೊಟ್ಟ ಗಾಡಿಯ ಬಟ್ಟಲನ್ನು ಗಾಜಿನ ಲೋಟಕ್ಕೆ ಖಾಲಿ ಮಾಡಿ ನೋಡಿ, ಎರಡು ಪದರ ಕಂಡರೆ ಟ್ಯಾಂಕ್ ತೊಳೆಯಬೇಕು. ಎಲ್ಲ ದೋಷವನ್ನೂ ಎಥನಾಲ್ ತಲೆಗೆ ಕಟ್ಟುವುದು ಈಗಿನ ಫ್ಯಾಷನ್. ಅರ್ಧಕ್ಕರ್ಧ ಗಾಡಿಗಳಲ್ಲಿ ಓ-ರಿಂಗ್ ಬದಲಿಸಿ ಎಷ್ಟು ವರ್ಷವಾಯಿತೆಂದು ಕೇಳಿದರೆ ಉತ್ತರವಿರುವುದಿಲ್ಲ.

ರಿಚ್ ಆಗಿದ್ದರೆ

ಇದು ಸುಲಭದ ಕಡೆ. ಫಿಲ್ಟರ್ ಕಟ್ಟಿದೆ, ಚೋಕ್ ಪೂರ್ತಿ ಹಿಂದಕ್ಕೆ ಹೋಗುತ್ತಿಲ್ಲ, ಫ್ಲೋಟ್ ಸೂಜಿ ಸವೆದಿದೆ, ಇಷ್ಟರಲ್ಲಿ ಒಂದು. ಕೆಂಪು ಮಣ್ಣಿನ ರಸ್ತೆಯಲ್ಲಿ ಓಡಾಡುವವರು ಪುಸ್ತಕದಲ್ಲಿ ಬರೆದ ಕಿಲೋಮೀಟರ್‌ಗೆ ಕಾಯದೆ ಫಿಲ್ಟರ್ ತೆಗೆದು ನೋಡಬೇಕು.

ಎತ್ತರದ ಆಟವೂ ಇಲ್ಲೇ. ಮಂಗಳೂರಿನಲ್ಲಿ ಸರಿಯಾಗಿ ಟ್ಯೂನ್ ಆದ ಬೈಕು ಸುಮಾರು 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಕಡೆ ಹತ್ತಿದರೆ ಗಾಳಿಯ ಸಾಂದ್ರತೆ ಸುಮಾರು ಶೇ 17 ಕಡಿಮೆ. ಪೆಟ್ರೋಲ್ ಅದೇ ಪ್ರಮಾಣದಲ್ಲಿ ತಗ್ಗುವುದಿಲ್ಲವಾದ್ದರಿಂದ ಮಿಶ್ರಣ ಶೇ 10ರಷ್ಟು ರಿಚ್ ಆಗುತ್ತದೆ. ಪಿಕಪ್ ಸತ್ತಂತೆ ಅನಿಸುವುದು ದೋಷವಲ್ಲ, ಕೆಳಗಿಳಿದರೆ ಸರಿಹೋಗುತ್ತದೆ. ಬೆಟ್ಟದ ಮೇಲೆ ಸ್ಕ್ರೂ ತಿರುಗಿಸಿಕೊಂಡು ಬಂದವರಿಗೆ ಊರಲ್ಲಿ ಎರಡನೇ ಕೆಲಸ ಹುಟ್ಟುತ್ತದೆ.

ಫಿಲ್ಟರ್ ಡಬ್ಬಿಯನ್ನೇ ತೆಗೆದು ಕೋನ್ ಫಿಲ್ಟರ್ ಹಾಕಿಸಿಕೊಂಡವರಿಗೆ ತಿರುಗುಮುರುಗು ತೊಂದರೆ. ಆ ಡಬ್ಬಿಯ ಗಾತ್ರ, ಅದರ ಮೂತಿಯ ಉದ್ದ ಲೆಕ್ಕ ಹಾಕಿ ಇಟ್ಟವು. ವಾಲ್ವ್ ತೆರೆದು ಮುಚ್ಚುವಾಗ ಗಾಳಿಯಲ್ಲಿ ಏಳುವ ಏರಿಳಿತವನ್ನು ಅದು ಸಮ ಮಾಡುತ್ತದೆ. ತೆಗೆದರೆ ಶಬ್ದ ಜೋರಾಗುತ್ತದೆ, ಮಿಶ್ರಣ ಲೀನ್ ಆಗುತ್ತದೆ, ಪಿಕಪ್ ಹೆಚ್ಚಿತೆಂಬ ಭ್ರಮೆ ಹುಟ್ಟುತ್ತದೆ. ಯೂನಿಕಾರ್ನ್‌ನಂಥ ಗಾಡಿಗಳ ಸಿವಿ ಕಾರ್ಬುರೇಟರ್‌ಗಂತೂ ಇದು ಆಗಿಬರುವುದೇ ಇಲ್ಲ. ಅವುಗಳಲ್ಲಿ ಸ್ಲೈಡ್ ಎತ್ತುವುದು ಕೇಬಲ್ ಅಲ್ಲ, ಒಂದು ತೆಳು ರಬ್ಬರ್ ಡಯಾಫ್ರಮ್‌ನ ಎರಡು ಬದಿಯ ಒತ್ತಡದ ವ್ಯತ್ಯಾಸ. ಅಂಥ ಗಾಡಿ ಐಡ್ಲಿಂಗ್‌ನಲ್ಲಿ ಸರಿಯಿದ್ದು, ರೇಸ್ ಎಷ್ಟು ತಿರುಗಿಸಿದರೂ ಒಂದು ವೇಗದ ಮೇಲೆ ಏರದಿದ್ದರೆ ಮೇಲಿನ ಮುಚ್ಚಳ ತೆಗೆದು ಡಯಾಫ್ರಮ್ ಅನ್ನು ಬೆಳಕಿಗೆ ಹಿಡಿಯಿರಿ. ಸೂಜಿಮೊನೆಯಷ್ಟು ತೂತೂ ಸಾಕು.

ಟೂ-ಸ್ಟ್ರೋಕ್ ಇಟ್ಟುಕೊಂಡವರಿಗೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಯೆಜ್ಡಿಗಳು ಇನ್ನೂ ಓಡುತ್ತಿವೆ, ಆರ್‌ಎಕ್ಸ್ 100 ಬೆಲೆ ವರ್ಷ ವರ್ಷ ಏರುತ್ತಿದೆ. ಇವುಗಳಲ್ಲಿ ಗಾಳಿ ಮತ್ತು ಪೆಟ್ರೋಲ್ ಮೊದಲು ಕ್ರ್ಯಾಂಕ್ ಕೇಸ್‌ಗೆ ಹೋಗಿ ಆಮೇಲೆ ಸಿಲಿಂಡರ್ ಸೇರುತ್ತದೆ. ಆದ್ದರಿಂದ ಕ್ರ್ಯಾಂಕ್‌ನ ಎರಡು ಬದಿಯ ಆಯಿಲ್ ಸೀಲ್‌ಗಳೂ ಗಾಳಿ ದಾರಿಯ ಭಾಗವೇ. ಡೈನಮೊ ಅಥವಾ ಮ್ಯಾಗ್ನೆಟೊ ಬದಿಯ ಸೀಲ್ ಹೋದರೆ ಬರೀ ಗಾಳಿ ಎಳೆದು ಲೀನ್ ಆಗುತ್ತದೆ, ಐಡ್ಲಿಂಗ್ ಹಿಡಿತ ತಪ್ಪಿ ಏರುತ್ತದೆ. ಕ್ಲಚ್ ಬದಿಯದ್ದು ಹೋದರೆ ಗೇರ್ ಆಯಿಲ್ ಒಳಗೆಳೆದು ದಟ್ಟ ಬಿಳಿ ಹೊಗೆ, ಗೇರ್‌ಬಾಕ್ಸ್ ಆಯಿಲ್ ಮಟ್ಟ ಹೊರಗೆ ಒಂದು ಹನಿಯೂ ಬೀಳದೆ ಇಳಿಯುತ್ತದೆ.

ಫೋರ್-ಸ್ಟ್ರೋಕ್‌ನಲ್ಲಿ ಲೀನ್ ಎಂದರೆ ಕಿರಿಕಿರಿ. ಟೂ-ಸ್ಟ್ರೋಕ್‌ನಲ್ಲಿ ಪಿಸ್ಟನ್ ಸೀಜ್. ಪೆಟ್ರೋಲಿಗೇ ಆಯಿಲ್ ಬೆರೆಸುವ ಗಾಡಿಯಲ್ಲಿ ಪೆಟ್ರೋಲ್ ಕಡಿಮೆಯಾದರೆ ಆಯಿಲ್ಲೂ ಕಡಿಮೆಯಾಗುತ್ತದೆ, ಶಾಖವೂ ಏರಿರುತ್ತದೆ. ಹೀಗಾಗಿ ಐಡ್ಲಿಂಗ್ ತಾನಾಗಿ ಏರುತ್ತಿರುವ ಟೂ-ಸ್ಟ್ರೋಕ್ ಗಾಡಿಯನ್ನು ಪರೀಕ್ಷಿಸದೆ ದೂರ ಓಡಿಸಬೇಡಿ. ಕಾರ್ಬುರೇಟರ್ ದಾರಿ ಮತ್ತು ಸೈಲೆನ್ಸರ್ ದಾರಿ ಎರಡನ್ನೂ ಮುಚ್ಚಿ, ಕೈಪಂಪಿನಿಂದ 6 ಪಿಎಸ್‌ಐ ಒತ್ತಡ ಕೊಟ್ಟು ಕೆಲವು ನಿಮಿಷ ಗೇಜ್ ನೋಡುವುದು ಸರಿಯಾದ ವಿಧಾನ. ಮುಳ್ಳು ಇಳಿದರೆ ಸೋಪಿನ ನೀರು ಹಚ್ಚಿ ಗುಳ್ಳೆ ಎಲ್ಲಿ ಏಳುತ್ತದೆ ನೋಡಿ. ಅದಕ್ಕಿಂತ ಹೆಚ್ಚು ಒತ್ತಡ ಹಾಕಿದರೆ ಚೆನ್ನಾಗಿದ್ದ ಸೀಲೂ ಹೊರಗೆ ಬರುತ್ತದೆ.

ಈಗ ಸ್ಕ್ರೂಡ್ರೈವರ್

ಸೋರಿಕೆ ಮುಚ್ಚಿ, ಪೆಟ್ರೋಲ್ ದಾರಿ ಶುಚಿಮಾಡಿ, ಟ್ಯಾಪೆಟ್ ಸರಿಯಿದೆ ಎಂದು ನೋಡಿಕೊಂಡ ಮೇಲೆ ಟ್ಯೂನಿಂಗ್. ಇನ್‌ಟೇಕ್ ವಾಲ್ವ್ ಟ್ಯಾಪೆಟ್ ಬಿಗಿಯಿದ್ದರೆ ಉರಿ ಹಿಂದಕ್ಕೆ ಕಾರ್ಬುರೇಟರ್‌ನಲ್ಲೇ ಸೀನುತ್ತದೆ, ಸ್ಕ್ರೂ ಎಷ್ಟು ತಿರುಗಿಸಿದರೂ ನಿಲ್ಲದು.

ಮಿಕ್ಸ್‌ಚರ್ ಸ್ಕ್ರೂ ಎಲ್ಲಿದೆ ನೋಡಿ. ಸ್ಲೈಡ್‌ಗಿಂತ ಫಿಲ್ಟರ್ ಕಡೆ ಇದ್ದರೆ ಅದು ಗಾಳಿಯ ಸ್ಕ್ರೂ, ಬಿಚ್ಚಿದರೆ ಲೀನ್. ಎಂಜಿನ್ ಕಡೆ ಇದ್ದರೆ ಪೆಟ್ರೋಲ್ ಸ್ಕ್ರೂ, ಬಿಚ್ಚಿದರೆ ರಿಚ್. ಈ ವ್ಯತ್ಯಾಸ ಗೊತ್ತಿಲ್ಲದೆ ತಿರುಗಿಸುವವರೇ ಹೆಚ್ಚು. ಈಗಿರುವ ಜಾಗದಿಂದ ಮೆಲ್ಲಗೆ ಪೂರ್ತಿ ಒಳಗೆ ಹೋಗುವವರೆಗೆ ಎಷ್ಟು ಸುತ್ತು ಬಂತೆಂದು ಎಣಿಸಿ ಬರೆದಿಟ್ಟುಕೊಳ್ಳಿ. ಒತ್ತಿ ಬಿಗಿ ಮಾಡಿದರೆ ಮೊನೆ ಕೂರುವ ತೂತು ಹಾಳಾಗುತ್ತದೆ. ಕಾದ ಎಂಜಿನ್‌ನಲ್ಲಿ ಕಾಲು ಕಾಲು ಸುತ್ತು ತಿರುಗಿಸಿ, ಪ್ರತಿ ಸಲ ಹತ್ತು ಸೆಕೆಂಡ್ ಕಾಯಿರಿ. ಆರ್‌ಪಿಎಂ ಅತಿ ಹೆಚ್ಚು ಏರುವ ಜಾಗ ಸಿಕ್ಕಾಗ ನಿಲ್ಲಿಸಿ, ಐಡಲ್ ಸ್ಕ್ರೂನಿಂದ ಕೆಳಗಿಳಿಸಿ, ಮತ್ತೊಮ್ಮೆ ಮಿಕ್ಸ್‌ಚರ್ ಸ್ಕ್ರೂ ಆಚೀಚೆ ಮಾಡಿ ನೋಡಿ. ಎಷ್ಟು ತಿರುಗಿಸಿದರೂ ಆರ್‌ಪಿಎಂ ಬದಲಾಗದಿದ್ದರೆ ಸ್ಲೋ ಜೆಟ್ ದಾರಿ ಇನ್ನೂ ಕಟ್ಟಿದೆ, ಅಥವಾ ಸ್ಲೈಡ್ ಅತಿಯಾಗಿ ಎತ್ತಿದೆ.

ಇಂಜೆಕ್ಷನ್ ಬೈಕಿನಲ್ಲಿ ಅದೇ ಸೋರಿಕೆ ಬೇರೆ ಮುಖ ತೋರಿಸುತ್ತದೆ. ಮ್ಯಾನಿಫೋಲ್ಡ್ ಒತ್ತಡ ನೋಡಿ ಪೆಟ್ರೋಲ್ ಕೊಡುವ ಗಾಡಿಯಲ್ಲಿ, ಥ್ರಾಟಲ್ ದಾಟಿ ನುಸುಳಿದ ಗಾಳಿಯೂ ಸೆನ್ಸರ್ ಲೆಕ್ಕಕ್ಕೆ ಬರುತ್ತದೆ. ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಅದಕ್ಕೂ ಪೆಟ್ರೋಲ್ ಸೇರಿಸುತ್ತದೆ, ಎಂಜಿನ್ ಲೀನ್ ಆಗಿ ತಡವರಿಸುವ ಬದಲು ಐಡ್ಲಿಂಗ್ ಮಾತ್ರ ಏರಿ ನಿಲ್ಲುತ್ತದೆ. ಅಲ್ಲಿ ತಿರುಗಿಸಲು ಸ್ಕ್ರೂ ಇಲ್ಲ. ಸೆನ್ಸರ್ ಬದಲಿಸಲು ಹಣ ಕಟ್ಟುವ ಮೊದಲು ಅದೇ ನೀರಿನ ಬಾಟಲಿ ತೆಗೆದುಕೊಂಡು ಥ್ರಾಟಲ್ ಬಾಡಿ ಮತ್ತು ಹೆಡ್ ನಡುವಿನ ರಬ್ಬರ್ ಸುತ್ತ ಸಿಂಪಡಿಸಿ ನೋಡಿ.